ಬೀಗರ ಪಾನಕಕ್ಕೆ ಯೀಸ್ಟು

ಯಾರಾದರೂ ಮೈಯಲ್ಲಿ ಶಕ್ತಿಯಿಲ್ಲ ಎಂದರೆ ಸಾಕು, ನನ್ನ ಹತ್ತಿರ ಮದ್ದು ಸಿದ್ಧವಿತ್ತು. ಯೀಸ್ಟ್ ಪುಡಿ! ನಮ್ಮ ಯಜಮಾನರ ಬಾಯಿಹುಣ್ಣಿಗೆಂದು ಶಿಗ್ಗಾಂವದ ಡಾಕ್ಟರು ಕೊಟ್ಟದ್ದು. "ಇದರಾಗ ಬಿ ಜೀವಸತ್ವ ಐತ್ರಿ, ಪ್ರೋಟೀನ್ ಐತ್ರಿ. ಊಟದಾಗ ಉದುರಿಸಿ ಕೊಡ್ರಿ" ಎಂದಿದ್ದರು. ಯಜಮಾನರು ಒಮ್ಮೆ ಮೂಸಿ, "ಎತ್ತಿಗೆ ಹಾಕ" ಎಂದರು. ನಾನು ಗುಟ್ಟಾಗಿ ಶೇಂಗಾ ಹಿಂಡಿಯಲ್ಲಿ, ಅಂದರೆ ಚಟ್ನಿಪುಡಿಯಲ್ಲಿ, ಕಲಸಿಬಿಟ್ಟೆ. ರೊಟ್ಟಿಗೆ ಹಚ್ಚಿಕೊಂಡು ಬೆರಳು ನೆಕ್ಕಿದರು. ಹುಣ್ಣೂ ಮಾಯವಾಯಿತು. ದೇವರು ದೊಡ್ಡವನು. ನಾನೂ ಸಣ್ಣವಳೇನಲ್ಲ ಅನ್ನಿಸಿತು!

ಆ ವರ್ಷ ಎಳ್ಳಮವಾಸ್ಯೆಗೆ, ನಮ್ಮ ಮಗಳು ಗಿರಿಜಾಳನ್ನು ನೋಡಿಹೋಗಿದ್ದ ಬೀಗರನ್ನು ಹತ್ತಿಮತ್ತೂರಿನ ನಮ್ಮ ಹೊಲಕ್ಕೆ ಕರೆದೆವು. ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಎಲ್ಲರೂ ಹೊಲದಲ್ಲೇ ಕೂತು ಬುತ್ತಿ ಉಣ್ಣುವ ದಿನ ಅದು. ಹುಡುಗ ಒಪ್ಪಿದ್ದ, ಗಿರಿಜಾಳೂ ಒಪ್ಪಿದ್ದಳು. ಹುಡುಗನ ತಾಯಿ ಮಾತ್ರ, "ಉಂಡು, ಮನಿತನ ನೋಡಿ ಹೇಳ್ತೇವ್ರಿ" ಎಂದಿದ್ದರು. ಅಂದರೆ ಮಗಳ ಲಗ್ನ ನನ್ನ ಬುತ್ತಿಯ ಮೇಲೆ ನಿಂತಿತ್ತು!

ಹುಡುಗನ ತಂದೆ, ನಮ್ಮ ಬೀಗರೋ ಬಡಕಲು ಜೀವ. ಅವರಿಗಿಷ್ಟು ಶಕ್ತಿ ತುಂಬೋಣವೆಂದು ಡಬ್ಬಿ ತೆಗೆದರೆ ಪುಡಿ ಮುಗಿದಿತ್ತು. ನಾನು ಹೆದರಲಿಲ್ಲ. ಸವಣೂರಿನ ಬೇಕರಿಯಲ್ಲೂ ಯೀಸ್ಟ್ ಇರುತ್ತದಲ್ಲ! ಹೋಗಿ ಮೆತ್ತನೆಯ ಗಡ್ಡೆಯೊಂದನ್ನು ತಂದೆ. ಹಿಂಡಿಗೆ ಹಾಕಿದರೆ ಒದ್ದೆಯಾದೀತು ಎಂದು, ನಸುಕಿನಲ್ಲೇ ಬೆಲ್ಲದ ಪಾನಕಕ್ಕೆ ಕದಡಿದೆ. ಉಗುರುಬೆಚ್ಚಗಿನ ನೀರು, ಕೈತುಂಬ ಬೆಲ್ಲ. ಹಾಲಿನ ಕ್ಯಾನಿಗೆ ತುಂಬಿ, ಚೆಲ್ಲದಿರಲಿ ಎಂದು ಮುಚ್ಚಳವನ್ನು ಗುದ್ದಿ ಗುದ್ದಿ ಕೂಡಿಸಿದೆ. ಮೇಲೆ ಶಿವನಾಮವನ್ನೂ ಹೇಳಿದೆ.

ಎತ್ತಿನ ಚಕ್ಕಡಿ ಕುಲುಕುತ್ತ ಹೊರಟಿತು. ಬಿಸಿಲೇರಿತು. ಕ್ಯಾನಿನೊಳಗಿಂದ ಬುಸ್ ಬುಸ್ ಎಂದು ಸಪ್ಪಳ ಬರತೊಡಗಿತು.

"ಹಾವೇನ ಅದು?" ಯಜಮಾನರು ಕಾಲು ಮೇಲೆತ್ತಿದರು.

"ಶಕ್ತಿರೀ ಅದು. ಸುಮ್ನ ಕುಂದರ್ರಿ" ಎಂದೆ.

ಹೊಲದಲ್ಲಿ ಹುಡುಗನ ಸಮೇತ ಬೀಗರೂ ಬಂದು ಸೇರಿದರು. ಪೂಜೆಯಾಯಿತು. ಯಜಮಾನರು ಜೋಳದ ನಡುವೆ ಚರಗ ಚೆಲ್ಲುತ್ತ "ಹುಲ್ಲುಲ್ಲಿಗೋ!" ಎಂದು ಕೂಗಿದರು. ಹಿಂದಿನಿಂದ ಯಾರಾದರೂ ಓಗೊಡುವುದು ಪದ್ಧತಿ. ಕ್ಯಾನು ಓಗೊಟ್ಟಿತು.

ಧಡಂ!

ಮುಚ್ಚಳ ಹಾರಿ ಪಕ್ಕದವರ ಕಡಲೆ ಹೊಲಕ್ಕೆ ಬಿತ್ತು. ದೇವರ ದಯೆ, ಯಾರ ಕಣ್ಣಿಗೂ ಬಡಿಯಲಿಲ್ಲ. ನೊರೆ ಮಾತ್ರ ನೇರವಾಗಿ ಬೀಗರ ತಲೆಯ ಹೊಸ ರುಮಾಲಿಗೆ! ಹಣೆಯ ವಿಭೂತಿಯನ್ನು ತೊಳೆದುಕೊಂಡು ಮೀಸೆಯಿಂದ ತೊಟ್ಟಿಕ್ಕಿತು. ಬೀಗತಿ ಗಂಡನ ಮೀಸೆಯನ್ನು ಮೂಸಿದರು.

"ಯವ್ವಾ ನಮ್ಮವ್ವಾ! ಸೆರೆ ವಾಸನಿ, ಹೆಂಡದ ವಾಸನಿ! ಲಿಂಗ ಕಟ್ಟಿದ ಮನಿಯವ್ರು ನೀವು, ಇದೇನ್ರಿ ಇದು?"

ನಾನು ಓಡಿ ಕ್ಯಾನಿಗೆ ಅಡ್ಡ ನಿಂತೆ. "ಸೆರೆ ಅಲ್ರಿ ಅಕ್ಕಾರ, ಔಷಧ! ಬೀಗರು ಸೊರಗ್ಯಾರ ಅಂತ ಬೇಕರಿಯಿಂದ ತಂದೇನ್ರಿ!"

ಕಾಲೇಜಿಗೆ ಹೋಗುವ ಗಿರಿಜಾ ಹಣೆ ಬಡಿದುಕೊಂಡಳು. "ಯವ್ವಾ, ಡಾಕ್ಟರು ಕೊಟ್ಟಿದ್ದು ಸತ್ತ ಯೀಸ್ಟ. ಬೇಕರಿದು ಜೀವಂತ ಇರ್ತೈತಿ. ಬೆಲ್ಲಾ ತಿಂದು ಗಾಳಿ ಬಿಡ್ತೈತಿ!"

"ಜೀವ ಇದ್ರ ಇನ್ನೂ ಚೊಲೋ ಅಲ್ಲೇನ?" ಎಂದುಬಿಟ್ಟೆ.

ಮೊದಲು ಹುಡುಗ ನಕ್ಕ. ಆಮೇಲೆ ಬೀಗರೂ ಮೀಸೆ ಒರೆಸಿಕೊಳ್ಳುತ್ತ ನಕ್ಕರು. "ಹುಡುಗಿ ಶಾಣೇ ಅದಾಳ ಬಿಡ. ಇಂಥಾಕಿ ಮನ್ಯಾಗ ಇರಬೇಕು" ಎಂದರು. ಬೀಗತಿ ಮಾತ್ರ ನಗಲಿಲ್ಲ. ನನ್ನನ್ನೊಮ್ಮೆ, ಕ್ಯಾನನ್ನೊಮ್ಮೆ ನೋಡಿ ತೀರ್ಪು ಕೊಟ್ಟರು.

"ಮಗಳ್ನ ತಂದ್ಕೋತೇವ್ರಿ. ಆದ್ರ ಲಗ್ನದ ಅಡಗಿಮನಿಗೆ ನೀವು ಕಾಲಿಡಂಗಿಲ್ಲ!"

ಲಗ್ನ ಸುಸೂತ್ರವಾಗಿ ನೆರವೇರಿತು. ವಧುವಿನ ಮಾತೆಯಾದ ನನಗೆ ದಯಪಾಲಿಸಿದ ಏಕಮಾತ್ರ ಜವಾಬ್ದಾರಿಯೆಂದರೆ, ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಪನ್ನೀರು ಚಿಮುಕಿಸುವುದು.

ಆ ಪನ್ನೀರನ್ನೂ ಬೀಗತಿ ಮೊದಲು ಮೂಸಿ ನೋಡಿಯೇ ನನ್ನ ಕೈಗೆ ಕೊಟ್ಟರು!