ಮೊಣಕೈ ಮುದ್ದು

ನಮ್ಮ ಅತ್ತೆಗೆ ಅಂಗೈಗಳೇ ಇಲ್ಲ ಎಂದು ನನ್ನ ಮಗಳು ಬಹಳ ಕಾಲ ನಂಬಿದ್ದಳು. ನಗಬೇಡಿ! ಆ ಮಗು ಬುದ್ಧಿ ಬಂದಾಗಿನಿಂದ ಕಂಡದ್ದು ಹಾಗೆಯೇ. ಅತ್ತೆಯ ತೋಳು ಭುಜದಿಂದ ಹೊರಟು ಮೊಣಕೈಗೆ ಮುಗಿಯುತ್ತಿತ್ತು. ಅದರಾಚೆಗೆ ಇದ್ದದ್ದೆಲ್ಲ ಹಿಟ್ಟು.

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನನ್ನ ತಂದೆಯ ತಂಗಿ. ಟೆಲಿಫೋನ್ ಇಲಾಖೆಯಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಒಂದು ಟ್ರಂಕು ಮತ್ತು ಒಂದು ಮಡಿಕೋಲಿನ ಸಮೇತ ಮೆಹದಿಪಟ್ಟಣದ ನಮ್ಮ ಬಾಡಿಗೆ ಮನೆಗೆ ಬಂದಿಳಿದವಳು. ಮದುವೆಯಾಗಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಮಡಿಬಟ್ಟಿ ಒಣಗಸ್ಲಿಕ್ಕೆ ಜಾಗಾ ಇರೋ ಮನಿ ಗಂಡು ಸಿಗಲಿಲ್ಲಪಾ."

ಇದು ತಮಾಷೆಯೋ ನಿಜವೋ ನನಗೆ ಇಂದಿಗೂ ಗೊತ್ತಿಲ್ಲ. ಆಕೆಯ ಮಡಿ ಅಂಥದ್ದು! ದಿನವಿಡೀ ಆಫೀಸಿನಲ್ಲಿ ಜಗತ್ತಿನವರ ದನಿಗಳನ್ನೆಲ್ಲ ಕಿವಿಗೆ ಹಾಕಿಕೊಂಡು ಬಂದು, ಮನೆಯಲ್ಲಿ ಕಿವಿಯನ್ನೂ ತೊಳೆಯುತ್ತಿದ್ದಳಂತೆ. ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವನು. ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಒಣಗಿದ ಸೀರೆಯನ್ನು ಮುಟ್ಟಿದರೆ ಅದಕ್ಕೆ ಏನಾಗುತ್ತದೆ ಎಂದು ಆಕೆಯನ್ನು ಎಷ್ಟು ಸಲ ಕಾಡಿದ್ದೇನೋ! ಆಕೆ ಕೋಲಿನಿಂದ ಸೀರೆಯನ್ನು ಇನ್ನೊಂದು ಗೇಣು ಮೇಲಕ್ಕೆ ಸರಿಸುತ್ತಿದ್ದಳು, ಅಷ್ಟೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಮುಂದೆ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಹೇಳಿ ಹೇಳಿ ನಡೆದಂತಾದದ್ದು ಎಂಬುದು ನನಗೇ ಖಾತ್ರಿಯಿಲ್ಲ. ನನ್ನ ಹೆಂಡತಿ ಪಕ್ಕದಲ್ಲೇ ಕೂತಿದ್ದಾಳೆ. ಆಗಾಗ "ಹಂಗಾಗಿರಲಿಲ್ರೀ" ಎನ್ನುತ್ತಾಳೆ. ಅದನ್ನೂ ಬರೆಯುತ್ತೇನೆ.

ಮಗಳ ಉಷ್ಟಾವಣದ ದಿನ ಎಲ್ಲವೂ ಶುರುವಾಯಿತು. ಮಗುವಿಗೆ ಮೊದಲ ಅನ್ನ ಉಣಿಸುವ ಶಾಸ್ತ್ರಕ್ಕೆ ನಮ್ಮ ಕಡೆ ಹಾಗೆನ್ನುತ್ತೇವೆ. ಉಣಿಸಬೇಕಾದವನು ಸೋದರಮಾವ. ಅವನ ರೈಲು ಸಿಕಂದರಾಬಾದಿಗೆ ಬರುವುದು ತಡವಾಯಿತು. ಮುಹೂರ್ತ ಮೀರುತ್ತಿದೆ ಎಂದು ಎಲ್ಲರೂ ಗಡಿಯಾರ ನೋಡುತ್ತಿದ್ದಾಗ ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಮಾವಗ ಹಕ್ಕು ಅದ ಅಂದ್ರ ಅಜ್ಜಿಗಿಲ್ಲೇನು? ತರ್ರಿ ಕೂಸಿನ್ನ ಇಲ್ಲೆ."

ಉಂಗುರದ ತುದಿಯಲ್ಲಿ ಶ್ಯಾವಿಗೆ ಪಾಯಸ ತೆಗೆದು ಮಗುವಿನ ನಾಲಗೆಗೆ ಮುಟ್ಟಿಸಿದಳು. ಆಕೆಯ ಮುಖದಲ್ಲಿ ಅಂಥ ನಗುವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮಗು ಚಪ್ಪರಿಸಿತು. ಎರಡನೆಯ ಸಲ ಕೈ ಮುಂದೆ ಬರುವುದರೊಳಗೆ ಮಗುವಿನ ತುಟಿ ಊದತೊಡಗಿತ್ತು. ಕೆನ್ನೆಯ ಮೇಲೆ ದದ್ದು, ಉಸಿರಿನಲ್ಲಿ ಸಿಳ್ಳೆ. ಸೋದರಮಾವ ಗೇಟಿನಲ್ಲಿ ಆಟೋ ಇಳಿದ, ಅದೇ ಆಟೋದಲ್ಲಿ ನಾವು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು.

ಮಗು ಉಳಿಯಿತು. ಆಮೇಲೆ ಅಮೀರ್‌ಪೇಟಿನ ಒಬ್ಬ ವಯಸ್ಸಾದ ಮಕ್ಕಳ ಡಾಕ್ಟರಮ್ಮ ನಮ್ಮ ಪಾಲಿನ ದೇವರಾದರು. ಹಾಲು ಒಗ್ಗುವುದಿಲ್ಲ, ಗೋಧಿ ಒಗ್ಗುವುದಿಲ್ಲ, ಶೇಂಗಾ, ಎಳ್ಳು, ತೊಗರಿ ಯಾವುದೂ ಒಗ್ಗುವುದಿಲ್ಲ. ಸದ್ಯಕ್ಕೆ ಅಕ್ಕಿ, ಹೆಸರುಬೇಳೆ, ಸೋರೆಕಾಯಿ. ಎದೆಹಾಲು ಕುಡಿಸುವ ತಾಯಿಗೂ ಅದೇ ಪಥ್ಯ. ಕರುಳು ಸುಧಾರಿಸಲಿ, ಆಮೇಲೆ ಒಂದೊಂದಾಗಿ ಕೊಟ್ಟು ನೋಡೋಣ ಎಂದರು. ಎಷ್ಟು ದಿನ ಎಂದು ಕೇಳಿದರೆ, "ತೊಂದರ ವದ್ದು ನಾಯನಾ" ಎಂದು ನಕ್ಕರು. ಅವಸರ ಬೇಡವಂತೆ! ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯಿಲ್ಲದೆ ಒಂದು ತುತ್ತೂ ಇಳಿಯದ ವಂಶದಲ್ಲಿ ಹುಟ್ಟಿದ ಮಗುವಿನ ಮುಂದೆ ಹೇಳುವ ಮಾತೇ ಇದು?

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಮನೆಯ ಭೂಗೋಳವೇ ಬದಲಾಗಿತ್ತು! ಒಳಗಿನ ಅಡುಗೆಮನೆ ತಾಯಿ-ಮಗುವಿಗೆ. ಅಲ್ಲಿ ಹೊಸ ಪಾತ್ರೆ, ಹೊಸ ಒಲೆ, ಹೊಸ ಸೌಟು. ನಮ್ಮ ಚಪಾತಿ, ಚಹಾ, ಒಗ್ಗರಣೆಗಳಿಗೆ ಹಿತ್ತಿಲ ವರಾಂಡದಲ್ಲಿ ಸೀಮೆಎಣ್ಣೆ ಸ್ಟೋವು. ಆ ಸ್ಟೋವಿನ ಮುಂದೆ ಕೂತವಳು ಅತ್ತೆ! ಜನ್ಮವಿಡೀ ಮಡಿಯಲ್ಲಿದ್ದವಳು ತಾನೇ ಮೈಲಿಗೆಯ ಕಡೆಗೆ ಸರಿದು, ಮಡಿಕೋಲನ್ನು ನನ್ನ ಹೆಂಡತಿಯ ಕೈಗೆ ಕೊಟ್ಟುಬಿಟ್ಟಿದ್ದಳು.

"ಇದೇನತ್ತಿ, ನೀವು ಒಳಗಿರ್ರಿ, ನಾನು ಹೊರಗ ಮಾಡ್ತೀನಿ" ಎಂದಳು ನನ್ನ ಹೆಂಡತಿ.

"ಬ್ಯಾಡ. ಡಾಕ್ಟರ್ ಮೊಸರನ್ನಕ್ಕ ಹೂಂ ಅನ್ನೂತನಕ ಈ ಕೈ ಕೂಸಿನ ಹಂತ್ಯಾಕ ಬರಂಗಿಲ್ಲ. ಹೂಂ ಅಂದ ದಿನ ಮೊದಲನೇ ತುತ್ತು ನಂದು. ಯಾರರೆ ನಡುವ ಬಂದ್ರ ನೋಡ್ರಿ ಮತ್ತ."

ಅದೊಂದೇ ಆಕೆ ನಮ್ಮನ್ನು ಕೇಳಿದ್ದು. ಒಂದು ತುತ್ತು ಮೊಸರನ್ನ, ತನ್ನ ಕೈಯಿಂದ.

ಅಲ್ಲಿಂದ ನನ್ನ ಕಷ್ಟ ಆರಂಭವಾಯಿತು. ಸಂಜೆ ಕಾರ್ಖಾನೆಯ ಬಸ್ಸಿಳಿದು ಮಗಳನ್ನು ಎತ್ತಿಕೊಳ್ಳಬೇಕೆಂದು ಓಡಿ ಬಂದರೆ ಗೇಟಿನಲ್ಲಿ ಅತ್ತೆಯ ತನಿಖೆ.

"ನಿಂದರು. ಏನ್ ತಿಂದಿ?"

"ಏನೂ ಇಲ್ಲತ್ತಿ."

"ಇರಾನಿ ಹೊಟೇಲಿನ ಬಿಸ್ಕೀಟು ಮೀಸ್ಯಾಗ ಕುಂತು ನನ್ನ ನೋಡಿ ನಗಾಕತ್ತದ. ನಡಿ, ಜಳಕಾ ಮಾಡು."

ಕಾರ್ಖಾನೆಯಲ್ಲಿ ನಾನು ತಲೆಗೆ ಟೋಪಿ, ಬಾಯಿಗೆ ಬಟ್ಟೆ, ಕಾಲಿಗೆ ಚೀಲ ಕಟ್ಟಿಕೊಂಡೇ ಒಳಗೆ ಹೋಗುತ್ತಿದ್ದವನು. ಅದಕ್ಕೆ ಸಂಬಳ ಕೊಡುತ್ತಿದ್ದರು, ಹಾಗಾಗಿ ಅದು ವಿಜ್ಞಾನ. ಇದನ್ನು ಏನೆನ್ನಬೇಕೋ ತಿಳಿಯದೆ ಚಳಿಗಾಲದಲ್ಲೂ ದಿನಕ್ಕೆರಡು ಸಲ ಸ್ನಾನ ಮಾಡಿದೆ. ಕೊನೆಗೆ ತಡೆಯಲಾರದೆ ಮೀಸೆಯನ್ನೇ ಬೋಳಿಸಿಬಿಟ್ಟೆ. ಶುದ್ಧನಾಗಿ, ನುಣ್ಣಗಾಗಿ ಹೋಗಿ ಮಗಳನ್ನು ಎತ್ತಿಕೊಂಡರೆ, ಯಾರೋ ಕಳ್ಳ ಬಂದನೆಂದು ಅವಳು ಕಿಟಾರನೆ ಕಿರುಚಿದಳು! (ಬಿಳಿ ಕೂದಲು ಬಂದವೆಂದು ಬೋಳಿಸಿದ್ದು ಎನ್ನುತ್ತಾಳೆ ಹೆಂಡತಿ. ಇರಬಹುದು.)

ಆದರೆ ಅತ್ತೆಯ ವಿಜ್ಞಾನಕ್ಕೆ ಲಗಾಮಿರಲಿಲ್ಲ. ಡಾಕ್ಟರಮ್ಮ ಹೇಳಿದ್ದು ಐದಾರು ಪದಾರ್ಥ. ಅತ್ತೆ ಅದಕ್ಕೆ ತನ್ನದೂ ಸೇರಿಸುತ್ತಾ ಹೋದಳು. ಬದನೆಕಾಯಿ ಬೇಡ, ಅದರ ಬಣ್ಣ ಸರಿಯಿಲ್ಲ. ದಿನಪತ್ರಿಕೆ ಬೇಡ, ನಾಳೆ ಅದರಲ್ಲಿ ಮಿರ್ಚಿ ಬಜ್ಜಿ ಕಟ್ಟುತ್ತಾರೆ. "ಇವತ್ತಿನ ಪೇಪರಿಗೆ ನಾಳಿನ ಎಣ್ಣೆ ಹತ್ತುತ್ತದೇನತ್ತಿ?" ಎಂದರೆ, "ನೀ ಕೆಮಿಸ್ಟ್ರಿ ಓದೀದಿ, ನಾ ಮಂದೀನ ಓದೀನಿ" ಎಂಬ ಉತ್ತರ.

ವಿಜಾಪುರದಿಂದ ಆಕೆಯ ಚಿಕ್ಕಪ್ಪನ ಮಗ ಸಂಸಾರ ಸಮೇತ ಬಂದಾಗಿನ ಕತೆ ನಮ್ಮ ಬಳಗದಲ್ಲೆಲ್ಲ ಪ್ರಸಿದ್ಧ. ಪಾಪ, ಡಬ್ಬಿಗಟ್ಟಲೆ ಶೇಂಗಾ ಹೋಳಿಗೆ, ಶೇಂಗಾ ಹಿಂಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಂದಿದ್ದರು. ಅತ್ತೆ ಗೇಟಿನಲ್ಲೇ ಚೀಲವನ್ನು ಹಿತ್ತಿಲ ಕೋಲೊಂದರಿಂದ ಎತ್ತಿ, ಹಾವು ಹಿಡಿದವರಂತೆ ದೂರ ಚಾಚಿಕೊಂಡು ಮಾಳಿಗೆಯ ಮೆಟ್ಟಿಲು ಹತ್ತಿದಳು.

"ಯಕ್ಕಾ, ನಾವೇನು ಪ್ಲೇಗ್ ತಂದೀವೇನು?"

"ಪ್ಲೇಗಿಗೆ ಔಷಧ ಅದ. ನಿನ್ನ ಹಿಂಡಿಗಿಲ್ಲ. ನಡೀರಿ ಮ್ಯಾಲೆ."

ಬಿಸಿಲಲ್ಲಿ, ಮಾಳಿಗೆಯ ಮೇಲೆ, ನೀರಿನ ಟಾಕಿಯ ನೆರಳಿಗೆ ಒತ್ತಿಕೊಂಡು ಕೂತು ಅವರು ತಮ್ಮ ಹೋಳಿಗೆ ತಾವೇ ತಿಂದರು. ಪಕ್ಕದ ಮನೆಯ ಸಾಹೇಬರು ತಮ್ಮ ಮಾಳಿಗೆಯಿಂದ ಕಂಡು, ನಮ್ಮಲ್ಲೇನೋ ಹಬ್ಬವಿದೆಯೆಂದು ಕೈ ಬೀಸಿ ಮುಬಾರಕ್ ಹೇಳಿದರು!

ಇನ್ನು ಮೊಣಕೈಯ ವಿಚಾರ. ಮಗಳು ಅಂಬೆಗಾಲಿಡುತ್ತ, ಆಮೇಲೆ ತಪ್ಪುಹೆಜ್ಜೆ ಹಾಕುತ್ತ, ಹೋಗುತ್ತಿದ್ದದ್ದು ಹಿತ್ತಿಲ ವರಾಂಡಕ್ಕೇ. ಯಾವುದನ್ನು ಬೇಡ ಎನ್ನುತ್ತೇವೋ ಮಕ್ಕಳು ಅಲ್ಲಿಗೇ ತಾನೆ ಹೋಗುವುದು? ಅತ್ತೆಯ ಎರಡೂ ಕೈ ಗೋಧಿಹಿಟ್ಟು. ಮಗು ಎರಡೂ ತೋಳು ಮೇಲೆತ್ತಿ, "ಅಜ್ಜಿ, ಎತ್ತಿಕೋ" ಎನ್ನುತ್ತಿತ್ತು. ಆಗ ಅತ್ತೆ ಹಿಟ್ಟಿನ ಕೈಗಳನ್ನು ಆಕಾಶಕ್ಕೆ ಎತ್ತಿ, ಮೊಣಕೈ ಮಡಚಿ, ಅದರ ತುದಿಯಿಂದ ಮಗುವಿನ ಕೆನ್ನೆಯನ್ನು ಮೆಲ್ಲಗೆ ಸವರುತ್ತಿದ್ದಳು. ಗಲ್ಲ, ಮೂಗು, ಹಣೆ, ಹೊಟ್ಟೆ. ಮಗು ಕೇಕೆ ಹಾಕಿ ನಗುತ್ತಿತ್ತು. ಅದಕ್ಕೆ ಮೊಣಕೈ ಮುದ್ದು ಎಂದು ಹೆಸರಿಟ್ಟವರು ಯಾರು? ನಾನೇ ಎಂದು ನನ್ನ ನೆನಪು. ಹೆಂಡತಿ ತಾನು ಎನ್ನುತ್ತಾಳೆ.

ಪರಿಣಾಮವೇನಾಯಿತು ಗೊತ್ತೇ? ಪ್ರೀತಿ ಎಂದರೆ ಮೊಣಕೈ ಎಂದು ಮಗು ತಿಳಿಯಿತು! ಅಮೀರ್‌ಪೇಟಿಗೆ ಡಾಕ್ಟರಮ್ಮನ ಬಳಿ ಹೋಗುವಾಗ ಬಸ್ಸಿನಲ್ಲಿ ಪಕ್ಕದ ದಪ್ಪ ಮನುಷ್ಯನೊಬ್ಬ "ಕ್ಯಾ ಪ್ಯಾರೀ ಬಚ್ಚೀ!" ಎಂದ. ಮಗಳು ಸಂತೋಷದಿಂದ ಅವನ ಪಕ್ಕೆಗೆ ಒಂದು ಮೊಣಕೈ ಕೊಟ್ಟಳು. ಅವನು ಹೌಹಾರಿದ. ಅತ್ತೆ ತನ್ನ ಟೆಲಿಫೋನ್ ಕಾಲದ ಉರ್ದುವಿನಲ್ಲಿ ಅದು ಹೊಡೆತವಲ್ಲ, ಮುದ್ದು ಎಂದು ವಿವರಿಸಿದಳು, "ಮಾರೀ ನೈ ಭಾಯಿಸಾಬ್, ಪ್ಯಾರ್ ಕರೀ!"

ಆತ ಪಕ್ಕೆ ಸವರಿಕೊಳ್ಳುತ್ತ, "ಐಸಾ ಪ್ಯಾರ್ ತೋ ಹಮಾರೀ ಬೇಗಂ ಕರ್ತೀ, ಅಮ್ಮಾ!" ಎಂದ. ಅವನ ಹೆಂಡತಿಯ ಮುದ್ದೂ ಇಂಥದ್ದೇ ಅಂತೆ! ಇಡೀ ಬಸ್ಸು ನಕ್ಕಿತು.

ನಗದಿದ್ದ ಹೊತ್ತೂ ಇತ್ತು. ಒಳಗೆ ಹೆಂಡತಿ ಮಗುವಿಗೆ ಹೆಸರುಬೇಳೆ ಗಂಜಿ ಉಣಿಸುವಾಗ ಅತ್ತೆ ಬಾಗಿಲಾಚೆ ನಿಲ್ಲುತ್ತಿದ್ದಳು. ಹೊಸ್ತಿಲು ದಾಟುತ್ತಿರಲಿಲ್ಲ. ಮಗು ಬಾಯಿ ತೆರೆದಾಗಲೆಲ್ಲ ಅತ್ತೆಯ ಬಾಯಿಯೂ ತೆರೆಯುತ್ತಿತ್ತು. ಮಗು ನುಂಗಿದರೆ ಆಕೆಯೂ ನುಂಗುತ್ತಿದ್ದಳು. "ಅತ್ತಿ, ಕೈ ತೊಳಕೊಂಡು ಬಂದು ಎರಡು ತುತ್ತು ನೀವ ಹಾಕ್ರಿ, ಬರೇ ಗಂಜಿ" ಎಂದು ಹೆಂಡತಿ ಕರೆದರೆ, ಆಕೆ ಸೆರಗಿನಲ್ಲಿ ಕೈ ಸುತ್ತಿಕೊಂಡು, "ಸ್ಟೋವ್ ಮ್ಯಾಲೆ ಏನೋ ಇಟ್ಟೀನಿ" ಎಂದು ಹೋಗಿಬಿಡುತ್ತಿದ್ದಳು. ಸ್ಟೋವಿನ ಮೇಲೆ ಏನೂ ಇರುತ್ತಿರಲಿಲ್ಲ. ನಾನು ಹೋಗಿ ನೋಡಿದ್ದೇನೆ.

ಹೀಗೇ ಮಗಳು ಬೆಳೆದಳು. ದದ್ದುಗಳು ಮಾಯವಾದವು, ಕೈಕಾಲು ತುಂಬಿಕೊಂಡವು. ಮೊದಲು ತೊಗರಿ ಒಗ್ಗಿತು. ಆಮೇಲೆ ಗೋಧಿ. ಕಡೆಗೊಂದು ದಿನ ಡಾಕ್ಟರಮ್ಮ ತಮ್ಮ ಎದುರಿಗೇ ಹನಿಹನಿಯಾಗಿ ಹಾಲು ಕುಡಿಸಿ, ಬಹಳ ಹೊತ್ತು ಕೂರಿಸಿಕೊಂಡು, ಏನೂ ಆಗದ್ದನ್ನು ಕಂಡು, ಮೊಸರನ್ನ ಕೊಡಬಹುದು ಎಂದರು.

ಮರುದಿನ ಅತ್ತೆ ಎಷ್ಟೊತ್ತಿಗೆ ಎದ್ದಳೋ! ತಲೆಗೆ ಸ್ನಾನ, ಒದ್ದೆ ಕೂದಲು, ಹಳೆಯ ಕೋಲಿನಿಂದ ಇಳಿಸಿದ ಮಡಿಸೀರೆ. ಅಷ್ಟು ವರ್ಷಗಳ ನಂತರ ಹೊಸ್ತಿಲು ದಾಟಿ ಒಳಗೆ ಬಂದಳು. ಅನ್ನವನ್ನು ಮೆತ್ತಗೆ ಹಿಚುಕಿ, ಮೊಸರು ಹಾಕಿ, ಉಪ್ಪು ಹಾಕಿ, ಮತ್ತೆ ಹಿಚುಕಿದಳು. ನಾವು ಗಂಡ-ಹೆಂಡತಿ ಗೋಡೆಗೆ ಒರಗಿ ನಿಂತಿದ್ದೆವು. ಒಂದು ಸಣ್ಣ ತುತ್ತು ಮಾಡಿ ಆಕೆ ಕೈ ಮುಂದೆ ಚಾಚಿದಳು.

ಮಗಳು ಹಿಂದಕ್ಕೆ ಸರಿದಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅಜ್ಜಿ ಕೈ ಬ್ಯಾಡ. ಅಜ್ಜಿ ಕೈ ಮೈಲಿಗಿ!"

ಎಂಥ ಪಾಠ ಕಲಿಸಿದ್ದಳು ನೋಡಿ! ಯಾರ ಕೈಯಾದರೂ ಆದೀತು, ಅಜ್ಜಿಯ ಕೈ ಮಾತ್ರ ಆಗದು. ನಾನು "ಇಲ್ಲ ಪುಟ್ಟಿ, ಈಗ..." ಎಂದು ಮುಂದೆ ಬಂದೆ. ಅತ್ತೆ ಕಣ್ಣಿನಲ್ಲೇ ನನ್ನನ್ನು ತಡೆದಳು. ತುತ್ತು ಬಟ್ಟಲಿಗೆ ಇಳಿಯಿತು. ಮುಗಿಯಿತು, ಇನ್ನು ಎದ್ದು ಹೊರಗೆ ಹೋಗುತ್ತಾಳೆ ಎಂದುಕೊಂಡೆ. ಮಗಳಿಗೂ ಏನನ್ನಿಸಿತೋ, ಸಮಾಧಾನ ಮಾಡುವವಳಂತೆ ತನ್ನ ಪುಟ್ಟ ಮೊಣಕೈಯನ್ನು ಅಜ್ಜಿಯ ಕಡೆಗೆ ಚಾಚಿದಳು.

ಅತ್ತೆ ಅದನ್ನೇ ನೋಡಿದಳು. ನೋಡಿ, ಪಕ್ಕನೆ ನಕ್ಕಳು. ಆಮೇಲೆ ತನ್ನ ತೋಳನ್ನು ಮಡಚಿ, ಮೊಣಕೈಯ ಮೇಲೆ ಒಂದು ಚೂರು ಮೊಸರನ್ನ ಇಟ್ಟುಕೊಂಡು, ಮಗುವಿನ ಮುಂದೆ ಹಿಡಿದಳು.

ಮಗಳು ನೆಕ್ಕಿಬಿಟ್ಟಳು. ಚಪ್ಪರಿಸಿ, "ಇನ್ನಾ" ಎಂದಳು.

ಎಂಜಲು, ಮುಸುರೆ ಎಂದು ಜನ್ಮವಿಡೀ ಕಿವಿ ತೊಳೆದ ಹೆಂಗಸು! ತೋಳಿನ ತುಂಬ ಎಂಜಲು, ಮಡಿಸೀರೆಯ ಮೇಲೆ ಮೊಸರು, ಮತ್ತೊಂದು ಚೂರು, ಮತ್ತೊಂದು ಚೂರು. "ತುಟಿ ನೋಡು, ತುಟಿ ಊದಾಕತ್ತದೇನು ನೋಡು" ಎಂದು ನನ್ನನ್ನು ಕೇಳುತ್ತಲೇ ಇದ್ದಳು. ಆಕೆಗೆ ಕಾಣುತ್ತಿರಲಿಲ್ಲ. ಕಣ್ಣು ತುಂಬಿದ್ದವು.

"ಹಂಗಾಗಿರಲಿಲ್ರೀ" ಎನ್ನುತ್ತಾಳೆ ಹೆಂಡತಿ. ಅವಳ ಪ್ರಕಾರ ಅತ್ತೆ ನೆಕ್ಕಿಸಿದ್ದು ಒಂದೇ ಸಲ, ಆಮೇಲಿನದೆಲ್ಲ ಚಮಚದಲ್ಲಿ. ಮಗಳನ್ನು ಕೇಳಿದರೆ ಅವಳಿಗೆ ಏನೂ ನೆನಪಿಲ್ಲ. ಮೊಸರನ್ನವೂ ಇಲ್ಲ, ಅಜ್ಜಿಯ ಮುಖವೂ ಇಲ್ಲ. ಅವಳು ಶಾಲೆಗೆ ಸೇರಿದ ಮೇಲೆ ಅತ್ತೆ ಹೆಚ್ಚು ದಿನ ಬದುಕಲಿಲ್ಲ. ಮಡಿಕೋಲನ್ನು ಮನೆ ಬದಲಿಸುವಾಗ ಎಲ್ಲಿ ಬಿಟ್ಟೆವೋ. ಆಕೆಯದೆಂದು ನನ್ನ ಬಳಿ ಇರುವುದು ಈ ನೆನಪೊಂದೇ, ಅದಕ್ಕೂ ಒಪ್ಪುವ ಸಾಕ್ಷಿಗಳಿಲ್ಲ.

ಮಗಳು ಈಗ ಅಮೀರ್‌ಪೇಟಿನಲ್ಲಿ ಪಾಠ ಹೇಳುತ್ತಾಳೆ, ಅಲ್ಲೇ ಸಂಸಾರ. ಹೋದ ಭಾನುವಾರ ಹೋಗಿದ್ದೆ. ಅಡುಗೆಮನೆಯಲ್ಲಿ ಚಪಾತಿಗೆ ಹಿಟ್ಟು ನಾದುತ್ತಿದ್ದಳು. ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡು, "ಬಾ ಅಪ್ಪಾ, ಬಸ್ಸಿನಾಗ ಭಾಳ ಗರ್ದಿ ಇತ್ತೇನು?" ಎನ್ನುತ್ತ ಹತ್ತಿರ ಬಂದಳು. ಹಿಟ್ಟಿನ ಕೈಗಳನ್ನು ಮೇಲೆತ್ತಿ, ಮೊಣಕೈ ಮಡಚಿ, ನನ್ನ ಕೆನ್ನೆಯನ್ನೊಮ್ಮೆ ಸವರಿದಳು.

"ಇದನ್ನ ಯಾರು ಕಲಿಸಿದ್ರು ನಿನಗ?"

"ಏನ್ ಕಲಿಸೂದು? ಕೈ ಹಿಟ್ಟಾಗ್ಯಾವಲ್ಲಪ್ಪಾ."

ಅದೂ ನಿಜವೇ. ಕೈ ಹಿಟ್ಟಾಗಿದ್ದರೆ ಯಾರಾದರೂ ಹಾಗೆಯೇ ಮಾಡುತ್ತಾರೆ. ಇದರಿಂದ ಏನೂ ಸಾಬೀತಾಗುವುದಿಲ್ಲ, ನಾನು ಓದಿದವನು, ನನಗೆ ಗೊತ್ತು.

"ಯಾಕಪ್ಪಾ, ಹಂಗ್ಯಾಕ ನಿಂತಿ? ಒಳಗ ಬಾ" ಎಂದಳು.

"ಇನ್ನೊಮ್ಮೆ ಮಾಡು" ಎಂದೆ.