ಮುತ್ತಜ್ಜನ ಎಲೆ

ಕಾಗದ ನೋಡದೆ ಯಾರನ್ನೂ ಸತ್ತವರೆಂದು ಒಪ್ಪದ ಮನುಷ್ಯ ನಮ್ಮ ಚಿಕ್ಕಪ್ಪ! ಅವರ ಪ್ರಕಾರ ನನ್ನ ಮುತ್ತಜ್ಜನಿಗೆ ಈಗ ನೂರಮೂವತ್ತು ವರ್ಷ; ಆರೋಗ್ಯ ಹೇಗಿದೆಯೋ ತಿಳಿಯದು.

ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ಎರಡು ದಿನವಿತ್ತು. ಬ್ರಿಸ್ಬೇನಿನ ಸನ್ನಿಬ್ಯಾಂಕ್ ಬಡಾವಣೆಯ ಅಂಗಡಿಯೊಂದರಲ್ಲಿ, ಹಿರಿಯರಿಗೆ ಎಡೆ ಇಡಲು ಬಾಳೆ ಎಲೆ ಆರಿಸುತ್ತಿದ್ದೆವು.

"ಅಪ್ಪಂಗೊಂದು, ಅಮ್ಮಂಗೊಂದು, ಅಜ್ಜಿಗೊಂದು, ಅಡಿಲೇಡ್‌ನೋರಿಗೊಂದು. ನಾಲ್ಕು ಸಾಕು."

"ಮುತ್ತಜ್ಜಂಗೂ ಒಂದು ತಗೊಂಡ್ಬಿಡಿ ಚಿಕ್ಕಪ್ಪ."

"ಕಾಗದ ಎಲ್ಲಿ ಪುಟ್ಟಿ? ಜೀವಂತ ಇರೋರಿಗೆ ಎಡೆ ಇಟ್ರೆ ಅಜ್ಜಿ ಸುಮ್ನೆ ಬಿಡ್ತಾರಾ?"

ಅಜ್ಜಿ ಎಂದರೆ ಮುತ್ತಜ್ಜನ ಹೆಂಡತಿ. ಮುತ್ತಜ್ಜ ಹಡಗಿನಲ್ಲಿ ಅಡುಗೆಯವರಾಗಿ ಹೊರಟವರು. ಪರ್ತ್ ಬಳಿಯ ಫ್ರೀಮ್ಯಾಂಟಲ್ ಬಂದರಿನಿಂದ ಒಂದು ಪತ್ರ ಬಂತು, ಆಮೇಲೆ ಏನೂ ಬರಲಿಲ್ಲ. ಸಾವಿನ ಸುದ್ದಿ ಬಾರದೆ ಎಲೆ ಹಾಕಕೂಡದು ಎಂದು ಪಟ್ಟು ಹಿಡಿದ ಅಜ್ಜಿ, ಕುಂಕುಮ ಇಟ್ಟುಕೊಂಡೇ ತೀರಿಕೊಂಡರು. ಸಾಯುವ ಮುಂಚೆ ಮೊಮ್ಮಗನಿಂದ, ಅಂದರೆ ನಮ್ಮ ಚಿಕ್ಕಪ್ಪನಿಂದ, ಮಾತು ತೆಗೆದುಕೊಂಡರು: "ನೀನು ತಿಳ್ಕೊಂಡು ಹಾಕು."

ಚಿಕ್ಕಪ್ಪ ನಿವೃತ್ತರಾದ ಮೇಲೆ ಅದನ್ನೇ ನೌಕರಿ ಮಾಡಿಕೊಂಡರು. ನನ್ನನ್ನು ಪರ್ತ್‌ಗೆ ಎಳೆದುಕೊಂಡು ಹೋದರು. ಸ್ಮಶಾನದ ಕಚೇರಿಯ ಹೆಂಗಸಿಗೆ, "ನಮ್ಮ ತಾತ ಕಾಣೆಯಾಗಿದ್ದಾರೆ" ಎಂದರು. ಆಕೆ ಗಾಬರಿಯಾಗಿ, "ಯಾವಾಗಿನಿಂದ?" ಎಂದಳು. "ನೂರು ವರ್ಷ ಆಯ್ತು." ಆಕೆ ಪೆನ್ನು ಕೆಳಗಿಟ್ಟಳು!

ಹಳೆಯ ಜನಗಣತಿಯಲ್ಲಿ ಹುಡುಕೋಣವೆಂದರೆ, ತಲೆ ಎಣಿಸಿದ ಮೇಲೆ ಮನೆಮನೆಯ ಹಾಳೆಗಳನ್ನು ಆಸ್ಟ್ರೇಲಿಯಾದಲ್ಲಿ ಉಳಿಸಿರಲಿಲ್ಲ. "ಊಟ ಆದ್ಮೇಲೆ ಎಲೆ ಎತ್ತಿ ಬಿಸಾಕಿದ ಹಂಗೆ ಬಿಸಾಕಿದಾರಲ್ಲ!" ಎಂದು ವಾರಗಟ್ಟಲೆ ಕೊರಗಿದರು. ಅದರ ಸೇಡೋ ಏನೋ, ಈಚಿನ ಜನಗಣತಿಯ ಹಾಳೆ ಮನೆಗೆ ಬಂದಾಗ, ಊರಲ್ಲಿಲ್ಲದ ಮನೆಯವರು ಯಾರು ಎಂಬ ಕಡೆ ಮುತ್ತಜ್ಜನ ಹೆಸರು ಬರೆದರು. ಚಿಕ್ಕಮ್ಮ ನೋಡಿ ಹೊಡೆದು ಹಾಕಿದರು.

"ಸರ್ಕಾರದೋರು ಬಂದು ಕೇಳಿದ್ರೆ?"

"ಕೇಳ್ಲಿ ಬಿಡೇ! ಕೇಳಿದ್ರೆ ಅವ್ರೂ ಹುಡುಕ್ತಾರೆ."

ಇನ್ನು ಅಡಿಲೇಡ್‌ನೋರು. ಅಲ್ಲಿನ ಹೂಳಿದವರ ದಾಖಲೆಯಲ್ಲಿ ಒಂದು ಸಾಲು ಸಿಕ್ಕಿತು: ರಾಮ್, ಅಡುಗೆಯವನು, ಇಂಡಿಯಾ. ನಮ್ಮ ಮುತ್ತಜ್ಜ ರಾಮಣ್ಣ. ಇನ್ನೇನು ಬೇಕು? ಚಿಕ್ಕಪ್ಪ ಸಮಾಧಿಯ ಮುಂದೆ ಕುಳಿತು ಅತ್ತರು. ಆ ವರ್ಷ ವಡೆ, ಪಾಯಸದ ಎಡೆ ಬಿತ್ತು. ಮರುವರ್ಷ ಇನ್ನೊಂದು ದಾಖಲೆ ಬಂತು. ಆತ ಪಂಜಾಬಿನವನು. ಆತ ಹಡಗಿಳಿದಾಗ ನಮ್ಮ ಮುತ್ತಜ್ಜ ಇನ್ನೂ ತೊಟ್ಟಿಲಲ್ಲಿದ್ದರು!

"ಹಾಗಾದ್ರೆ ಈ ವರ್ಷ ಅವರ ಎಲೆ ಬೇಡ ತಾನೆ?" ಎಂದೆ.

"ಕೂತೋರನ್ನ ಎಲೆ ಮುಂದಿಂದ ಎಬ್ಬಿಸ್ತಾರಾ? ಅವನಿಗೆ ತಾನೆ ಇನ್ಯಾರಿದ್ದಾರೆ?" ಎಂದರು. ಅಂದಿನಿಂದ ಆ ಪಂಜಾಬಿಗೆ ವರ್ಷವರ್ಷವೂ ವಡೆ. ಸ್ವಂತ ಅಜ್ಜನಿಗೆ ಉಪವಾಸ!

ಸನ್ನಿಬ್ಯಾಂಕಿನಿಂದ ಅಂದು ನಾಲ್ಕೇ ಎಲೆ ತಂದೆವು. ಮರುದಿನ ಬೆಳಿಗ್ಗೆ ಚಿಕ್ಕಪ್ಪ ಏಳಲಿಲ್ಲ. ಸೂತಕದಲ್ಲಿ ಆ ಎಲೆಗಳು ಫ್ರಿಜ್ಜಿನಲ್ಲೇ ಒಣಗಿದವು.

ಈ ವರ್ಷ ನಾನೂ ಚಿಕ್ಕಮ್ಮನೂ ಎಡೆ ಇಟ್ಟೆವು. ಚಿಕ್ಕಪ್ಪನ ಎಲೆ ಹಾಕುವಾಗ ನನ್ನ ಕೈ ನಿಂತುಬಿಟ್ಟಿತು. ಚಿಕ್ಕಮ್ಮ ಒಳಗೆ ಹೋಗಿ, ಚಿಕ್ಕಪ್ಪನ ಹಳೆಯ ಫೈಲಿನಿಂದ ಅವರದೇ ಮರಣ ಪ್ರಮಾಣಪತ್ರ ತಂದು ತೋರಿಸಿದರು.

"ಕಾಗದ ಸರಿಯಾಗಿದೆ. ಹಾಕು ಪುಟ್ಟಿ."

ಹಾಕಿದೆ. ಪಕ್ಕದಲ್ಲಿ ಅಡಿಲೇಡ್‌ನವರ ಎಲೆಗೂ ಎರಡು ವಡೆ ಬಡಿಸಿದೆ. ಕಟ್ಟಿನಲ್ಲಿ ಒಂದು ಎಲೆ ಉಳಿಯಿತು. ಚಿಕ್ಕಮ್ಮ ನನ್ನ ಮುಖ ನೋಡಿದರು. ನಾನು ಅದನ್ನು ಮಡಿಸಿ ಒಳಗಿಟ್ಟೆ.

ಮುತ್ತಜ್ಜನ ಕಾಗದ ಇನ್ನೂ ಸಿಕ್ಕಿಲ್ಲ.