ನಮ್ಮ ತಂಡ ಸೋಲಲಿ, ನಲ್ಲಿ ನಿಲ್ಲಲಿ

ಬೀದಿಯವರ ಮನೆಯ ನಲ್ಲಿಗಳೆಲ್ಲ ಅವಳ ಗಂಡನ ಕೈ ಸೋಕಿದರೆ ಸಾಕು, ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಅವಳ ಅಡುಗೆಮನೆಯದು ಮಾತ್ರ ಹಗಲೂ ರಾತ್ರಿ ತೊಟ್ಟಿಕ್ಕುತ್ತಿತ್ತು. ಮದುವೆಯಲ್ಲಿ ಅಕ್ಕ ಹೇಳಿದ್ದಳು, "ಪ್ಲಂಬರ್ ಗಂಡ! ಬೇರೇನಿಲ್ಲದಿದ್ರೂ ನಿಂಗೆ ನಲ್ಲಿ ಚಿಂತೆ ಇಲ್ಲ ಕಣೇ." ಅದೇ ಅಕ್ಕ ಈಗ ತಿಂಗಳ ಕೊನೆಗೆ ಬರುವವಳಿದ್ದಳು. ನಲ್ಲಿಯ ಕೆಳಗಿಟ್ಟ ಬಕೆಟ್ ಅವಳ ಕಣ್ಣಿಗೆ ಬಿದ್ದರೆ ಮುಗಿಯಿತು, ಬಳಗದವರೆಲ್ಲ ವರ್ಷವಿಡೀ ನಗುತ್ತಾರೆ.

"ರೀ, ಒಂದು ವಾಷರ್ ಹಾಕೋಕೆ ಎಷ್ಟು ಹೊತ್ತು ಬೇಕು?"

"ದೇಶ ಫುಟ್‌ಬಾಲ್ ಆಡ್ತಿದೆ, ನಿಂಗೆ ವಾಷರ್! ನಮ್ಮ ತಂಡ ಟೂರ್ನಿಯಿಂದ ಹೊರಗೆ ಬೀಳೋವರೆಗೂ ಮನೇಲಿ ಸ್ಪ್ಯಾನರ್ ಮುಟ್ಟಲ್ಲ. ಬಿದ್ದ ಗಳಿಗೇಲೇ ಮುಟ್ತೀನಿ. ಅಮ್ಮನಾಣೆ!"

"ನನ್ನ ಮೇಲ್ಯಾಕೋ ಆಣೆ?" ಸೋಫಾದ ಮೂಲೆಯಿಂದ ಅತ್ತೆ ಗದರಿದರು. "ಆ ಗೋಲ್‌ಕೀಪರ್ ಮೇಲೆ ಹಾಕು."

ಅವಳಿಗೆ ಒಳಗೊಳಗೇ ಸಮಾಧಾನ. ತಂಡದ ಘನಕೀರ್ತಿ ಅವಳಿಗೂ ಗೊತ್ತಿತ್ತು. ಹೋದ ಸಲ ಸೂಟ್‌ಕೇಸ್ ಬಿಚ್ಚುವ ಮೊದಲೇ ವಾಪಸಾಗಿದ್ದರು. (ಗೋಲ್‌ಕೀಪರಂತೂ ಚೆಂಡು ಬಂದರೆ ಮನೆಗೆ ನೆಂಟರು ಬಂದಂತೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ.)

ಆದರೆ ಮೊದಲ ಪಂದ್ಯವನ್ನೇ ಗೆದ್ದುಬಿಟ್ಟರು.

"ಹಾಳಾದವರು!"

"ಏನಂದೆ?"

"ಎದುರಿನವರಿಗೆ ಅಂದೆ."

ಮುಂದಿನದರಲ್ಲಿ ಎದುರಿನ ಪುಣ್ಯಾತ್ಮನೊಬ್ಬ ತನ್ನ ಗೋಲಿಗೆ ತಾನೇ ಹೊಡೆದುಕೊಂಡ. ಬೀದಿಯೆಲ್ಲ ಕುಣಿಯಿತು. ಅವಳು ಬಕೆಟ್ ಚೆಲ್ಲಲು ಎದ್ದಾಗಲೇ ಆ ಗೋಲಾಯಿತು ಎಂಬುದನ್ನು ಅತ್ತೆ ಪತ್ತೆಹಚ್ಚಿದರು. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ನಮ್ಮವರ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ತಾಯಿ ಮಗ ಒಟ್ಟಿಗೆ ಕೂಗುವರು: "ಬಕೆಟ್! ಬಕೆಟ್!" ಅರ್ಧ ತುಂಬಿರಲಿ, ಕಾಲು ತುಂಬಿರಲಿ, ಅವಳು ಎತ್ತಬೇಕು. ಬೇರೆ ಪ್ಲಂಬರನ್ನು ಕರೆಯೋಣವೆಂದರೆ ಪ್ಲಂಬರನ ಹೆಂಡತಿಯ ಮಾನವೇನಾಗಬೇಕು!

ಹೀಗೆ ಬಕೆಟ್ ಎತ್ತಿ ಎತ್ತಿ ತಂಡವನ್ನು ಕ್ವಾರ್ಟರ್ ಫೈನಲ್‌ಗೆ ತಂದಿಟ್ಟಳು. ಅದೇ ಸಂಜೆ ಅಕ್ಕನ ಬಸ್ಸು. ಪಂದ್ಯ ಮುಗಿದು ಅಕ್ಕ ಬರುವಷ್ಟರಲ್ಲಿ ವಾಷರ್ ಹಾಕಲು ಹೊತ್ತಿತ್ತು, ನಮ್ಮವರು ಸೋತರೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಸೋಫಾದ ನಡುವೆ ಕೂತಳು.

"ಬಕೆಟ್ ಕಣೇ!"

"ಸೊಂಟ ನೋಯ್ತಿದೆ. ಇವತ್ತು ಏಳಲ್ಲ."

ಕೊನೆಯ ನಿಮಿಷ, ಗೋಲು ಸಮಸಮ. ಎದುರಿನವರಿಗೆ ಪೆನಾಲ್ಟಿ. ಟಿವಿಯ ತುಂಬ ನಮ್ಮ ಗೋಲ್‌ಕೀಪರನ ಮುಖ. ಇಷ್ಟು ದಿನ ಅಡುಗೆಮನೆಯಲ್ಲಿದ್ದ ಅವಳು ಅದನ್ನು ಹತ್ತಿರದಿಂದ ಕಂಡಿರಲೇ ಇಲ್ಲ. ಗಲ್ಲದ ಮೇಲೆ ಇನ್ನೂ ಮೊಡವೆ. ತುಟಿ ನಡುಗುತ್ತಿತ್ತು.

"ಬಿಡಬೇಡ ಕಣೋ ಮಗನೇ! ಬಲಕ್ಕೆ ಹಾರು! ಬಲಕ್ಕೆ!" ಎಂದು ಅವಳು ಸೋಫಾ ಹತ್ತಿ ನಿಂತಳು.

ಅವನು ಎಡಕ್ಕೆ ಹಾರಿದ.

ಚೆಂಡು ಬಲಗಡೆಯಿಂದ ಬಲೆ ಸೇರಿತು, ನಮ್ಮ ತಂಡ ಟೂರ್ನಿಯಿಂದ ಹೊರಬಿತ್ತು. ಒಳಗಿನಿಂದ ಟಪ್, ಟಪ್. ಗಂಡ ಮೂಗೊರೆಸಿಕೊಂಡು ಎದ್ದು ಸ್ಪ್ಯಾನರ್ ತಂದ. "ಆಣೆ ಅಂದ್ರೆ ಆಣೆ. ಬಾ, ಅಡುಗೆಮನೆ ಲೈಟ್ ಹಾಕು."

"ಮನುಷ್ಯರಾ ನೀವು?" ಅವಳು ಸ್ಪ್ಯಾನರ್ ಕಿತ್ತುಕೊಂಡಳು. "ಆ ಮಗು ಅಲ್ಲಿ ಹುಲ್ಲಿನ ಮೇಲೆ ಬಿದ್ದು ಅಳ್ತಿದೆ, ನಿಮಗೆ ನಲ್ಲಿ ಚಿಂತೆ! ನಾನು ಎದ್ದು ಬಕೆಟ್ ಎತ್ತಿದ್ರೆ ಹಿಂಗಾಗ್ತಿತ್ತಾ?"

"ಅದನ್ನೇ ನಾನೂ ಹೇಳಿದ್ದು," ಎಂದರು ಅತ್ತೆ ಬಿಕ್ಕುತ್ತಾ.

ಆಗಲೇ ಬಾಗಿಲು ತಳ್ಳಿಕೊಂಡು ಬಂದ ಅಕ್ಕ, ಸಾಲಾಗಿ ಕೂತು ಅಳುತ್ತಿದ್ದ ಮೂವರನ್ನೂ ನೋಡಿದಳು. ಆಮೇಲೆ ಅಡುಗೆಮನೆಯತ್ತ ಕಿವಿಗೊಟ್ಟಳು.

"ಏನೇ ಇದು? ನಿಮ್ಮನೆ ನಲ್ಲೀನೂ ಅಳ್ತಿದ್ಯಲ್ಲೇ!"